ಬಾಲದ ತುಂಡಿನ ಕ್ಷಮಾಪರ್ವ

ಭಾಸ್ಕರನಿಗೆ ಅನ್ಯಾಯವಾಗಿತ್ತು. ಅದೂ ಸಣ್ಣಪುಟ್ಟದ್ದಲ್ಲ, ಬಾಳೆಯೆಲೆಯ ಮೇಲೆ, ನೆಂಟರಿಷ್ಟರೆಲ್ಲರ ಎದುರಿಗೆ, ಮಸಾಲೆ ಹಚ್ಚಿ ಹುರಿದು ಬಡಿಸಿದ ಅನ್ಯಾಯ.

ಸಂಗತಿ ಇಷ್ಟೇ. ಮೂರು ವರ್ಷದ ಹಿಂದೆ ಅವನ ಹೆಂಡತಿ ಸುಪ್ರಿಯಾಳ ಅಣ್ಣ ದಿನಕರ ಶಿರಾಲಿಯಲ್ಲಿ ಹೊಸ ಮನೆ ಕಟ್ಟಿಸಿ ಒಕ್ಕಲು ಮಾಡಿದ. ಒಕ್ಕಲಿನ ದಿನ ಪಾಯಸದ ಊಟ, ಅದು ಊರವರಿಗೆ. ಮರುದಿನ ಮೀನಿನ ಊಟ, ಅದು ಒಳಗಿನವರಿಗೆ. ಮನುಷ್ಯನಿಗೆ ಎಷ್ಟು ಮರ್ಯಾದೆ ಇದೆ ಎಂಬುದು ನಮ್ಮ ಕಡೆ ಗೊತ್ತಾಗುವುದು ಪಾಯಸದಲ್ಲಲ್ಲ, ಮರುದಿನದ ಮೀನಿನಲ್ಲಿ. ದಿನಕರ ಬೆಳಗಾಗುವುದರೊಳಗೆ ಬಂದರಿಗೆ ಹೋಗಿ ತೋಳುದ್ದದ ಇಸೋಣ ತಂದಿದ್ದ (ಮಂಗಳೂರಿನವರು ಅಂಜಲ್ ಎನ್ನುತ್ತಾರಲ್ಲ, ಅದೇ). ಮನೆಯ ಅಳಿಯಂದಿರಿಬ್ಬರನ್ನೂ ಮೊದಲ ಪಂಕ್ತಿಯಲ್ಲಿ ಅಕ್ಕಪಕ್ಕ ಕೂರಿಸಿದರು. ಕಿರಿಯ ಅಳಿಯ, ಕುಮಟೆಯ ದಿನೇಶನ ಎಲೆಗೆ ಅಂಗೈಯಗಲದ ನಡುತುಂಡು ಬಿತ್ತು. ಹಿರಿಯ ಅಳಿಯ ಭಾಸ್ಕರನ ಎಲೆಗೆ ಬಿದ್ದದ್ದು ಬಾಲ!

ಬಾಲ! ಮೀನು ಬದುಕಿದ್ದಾಗ ಅದಕ್ಕೆ ಉಪಯೋಗ, ಸತ್ತಮೇಲೆ ಬೆಕ್ಕಿಗೆ ಉಪಯೋಗ, ನಡುವೆ ಅಳಿಯನಿಗೇನು ಸಂಬಂಧ? ಭಾಸ್ಕರ ಮನೆಯಲ್ಲಿಯೂ ಬಾಲವನ್ನೇ ತಿನ್ನುತ್ತಿದ್ದ, ನಿಜ. ಆದರೆ ಮನೆಯಲ್ಲಿ ತಿಂದರೆ ಅದು ತ್ಯಾಗ, ಮಾವನ ಮನೆಯಲ್ಲಿ ತಿನ್ನಿಸಿದರೆ ಅವಮಾನ. ಅವನು ಅಂದು ತುಟಿಪಿಟಿಕ್ ಎನ್ನದೆ ಉಂಡೆದ್ದ. ಕೈತೊಳೆಯುವಾಗ, ಇನ್ನು ಈ ಮನೆಯ ಹೊಸ್ತಿಲು ತುಳಿದರೆ ಕೇಳು ಎಂದು ತನಗೆ ತಾನೇ ಹೇಳಿಕೊಂಡ. ಅಂದಿನಿಂದ ಶಿರಾಲಿಯ ಹೆಸರೆತ್ತಿದರೆ ಸಾಕು, ಒಂದೋ ಅವನಿಗೆ ಡ್ಯೂಟಿ ಇರುತ್ತಿತ್ತು, ಇಲ್ಲವೇ ಸೊಂಟ ನೋವು.

ಡ್ಯೂಟಿ ಎಂದರೆ ಹೊನ್ನಾವರದ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಕೆಲಸ. ಮೈಕು ಹಿಡಿದು ಬಸ್ಸು ಕೂಗುವುದು, ಕೂಗಿದ್ದನ್ನು ಕೇಳದವರ ಹತ್ತಿರ ಬೈಸಿಕೊಳ್ಳುವುದು. ಅಲ್ಲಿ ಯಾರು ಏನೆಂದರೂ ಭಾಸ್ಕರ ಸಾಕ್ಷಾತ್ ಶಾಂತಮೂರ್ತಿ. ಆದರೆ ಮಧ್ಯಾಹ್ನ ಡಬ್ಬಿ ತೆರೆದು ಮೀನಿನ ವಾಸನೆ ಬಂತೋ, ಮೂರು ವರ್ಷದ ಹಿಂದಿನ ಬಾಲ ಎದೆಯೊಳಗೆ ಪಟಪಟ ಬಡಿಯುತ್ತಿತ್ತು.

ಹೀಗಿರುವಾಗ ದಿನಕರನ ಮಗಳು ದೀಕ್ಷಾಳ ಮದುವೆ ಗೊತ್ತಾಯಿತು. ಆ ಮನೆಯ ಪದ್ಧತಿಯಂತೆ ಹುಡುಗಿಗೆ ಮೊದಲ ಅರಿಶಿನ ಹಚ್ಚಬೇಕಾದವರು ಸೋದರತ್ತೆ ಮತ್ತು ಅವಳ ಗಂಡ, ಜೋಡಿಯಾಗಿ.

"ಹೋಯ್, ಕೇಳ್ತಾ?" ಎಂದಳು ಸುಪ್ರಿಯಾ. "ಈ ಸಲ ನಿಮ್ಮ ಸೊಂಟನೋವೆಲ್ಲ ನಡೆಯುದಿಲ್ಲ. ನಾನು ಒಬ್ಳೇ ಅರಿಶಿನದ ಬಟ್ಲು ಹಿಡ್ಕಂಡು ನಿಂತ್ರೆ ಜನ ಎಂತ ಹೇಳುದು?"

"ನೋಡುವ."

"ನೋಡುದು ಎಂತದು? ಬರ್ದೆ ಇದ್ರೆ ನಾನು ಹೋದವಳು ಅಲ್ಲೇ ಉಳೀತೆ. ನೀವು ಇಲ್ಲಿ ಮೈಕಿನಲ್ಲಿ ಕೂಗಿ ಕರೀರಿ."

ಅವಳು ತಮಾಷೆಗೆ ಹೇಳಿದ್ದಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗೆ ಹೋದದ್ದನ್ನು ಭಾಸ್ಕರ ನೋಡಿದ. ಅವನಿಗೂ ಕರುಳು ಚುರುಕ್ಕೆಂದಿತು. ಹೋಗಬೇಕು, ಆದರೆ ಹೋಗಿ ದಿನಕರನ ಮುಖ ನೋಡಿ ನಗುವುದು ಹೇಗೆ? ನಗಲಿಕ್ಕೆ ಹೋದರೆ ಹಲ್ಲು ಕಡಿದು ಹೋಗುತ್ತದಲ್ಲ!

ಆ ಸಂಜೆ ಅವನು ಟೀವಿ ಹಾಕಿದ್ದೇ ತಡ, ಯಾರೂ ಕೇಳದೆ ಒಬ್ಬ ಶಾಲು ಹೊದ್ದ ಗುರುಗಳು ಪ್ರತ್ಯಕ್ಷರಾದರು. "ಮನಸ್ಸಿನ ಕಹಿ ಕಳೆಯುವ ಸುಲಭ ಉಪಾಯಗಳು" ಎಂದು ಕೆಳಗೆ ಬರೆದಿತ್ತು. ತನ್ನ ಮನಸ್ಸಿನೊಳಗಿನದು ಟೀವಿಗೆ ಹೇಗೆ ಗೊತ್ತಾಯಿತು! ಭಾಸ್ಕರನಿಗೆ ರೋಮಾಂಚನವಾಯಿತು. (ಉಪದೇಶ ಶುರುವಾದದ್ದು ಮಾತ್ರ ನಟ್ಟನಡುವಿನಿಂದ. ದೊಡ್ಡವರ ಪದ್ಧತಿಯೇ ಹೀಗಿರಬೇಕು ಎಂದುಕೊಂಡ.)

ಗುರುಗಳು ಮೊದಲು ಹೇಳಿದ್ದು ಉಸಿರು ಕಟ್ಟುವ ಅಭ್ಯಾಸ. ಭಾಸ್ಕರ ಅದನ್ನು ಬಸ್‌ಸ್ಟ್ಯಾಂಡಿನ ಕುರ್ಚಿಯಲ್ಲೇ ಕೂತು ಮಾಡಿದ. ಗೇರುಸೊಪ್ಪದ ಒಬ್ಬಳು ಅಜ್ಜಿ ಬಂದು, "ನಮ್ಮ ಬಸ್ಸು ಎಷ್ಟೊತ್ತಿಗೆ ಮಗಾ?" ಎಂದಳು. ಉಸಿರು ಬಿಟ್ಟರೆ ಸಾಧನೆ ಕೆಡುತ್ತದೆ ಎಂದು ಇವನು ಕಣ್ಣು ಮಾತ್ರ ಬಿಟ್ಟ. ಅಜ್ಜಿ "ಅಯ್ಯಯ್ಯೋ, ಇವ್ನಿಗೆ ಎಂತೋ ಆತು!" ಎಂದು ಕೂಗಿ, ತನ್ನ ಬಾಟಲಿಯ ನೀರನ್ನೆಲ್ಲ ಅವನ ಮುಖಕ್ಕೆ ಸುರಿದಳು.

ಎರಡನೆಯದು, ಮನಸ್ಸು ಗಟ್ಟಿಯಾಗಲು ತಣ್ಣೀರ ಸ್ನಾನ. ಈ ಗುರುಗಳು ಎಲ್ಲಿಯವರೋ ಏನೋ! ಮೇ ತಿಂಗಳಲ್ಲಿ ಹೊನ್ನಾವರದವನಿಗೆ ತಣ್ಣೀರು ಸಿಕ್ಕರೆ ಅದು ತಪಸ್ಸಲ್ಲ, ಹಬ್ಬ. ಟ್ಯಾಂಕಿನ ನೀರು ಹೇಗೂ ಚಹಾ ಮಾಡುವಷ್ಟು ಬಿಸಿ ಇರುತ್ತದೆ.

ಮೂರನೆಯದು, ವೈರಿಯ ಒಳ್ಳೆಯ ಗುಣಗಳನ್ನು ನೆನೆಯುವುದು. ಭಾಸ್ಕರ ಬಹಳ ಹೊತ್ತು ನೆನೆದ. ದಿನಕರನ ಹಲ್ಲು ಚೆನ್ನಾಗಿದೆ ಎಂಬಲ್ಲಿಗೆ ಬಂದು ನಿಂತಿತು. ಆ ಹಲ್ಲಿನಲ್ಲಿ ಅವನು ಅಂದು ಏನೇನು ತಿಂದಿರಬಹುದು ಎಂಬುದು ನೆನಪಾಗಿ, ಕಳೆಯುತ್ತಿದ್ದ ಕಹಿ ಮತ್ತೆ ಇಮ್ಮಡಿಯಾಯಿತು.

ಉಳಿದದ್ದು ಬ್ರಹ್ಮಾಸ್ತ್ರ: ಖಾಲಿ ಕುರ್ಚಿಯ ಸಾಧನೆ. ಎದುರಿಗೆ ಒಂದು ಖಾಲಿ ಕುರ್ಚಿ ಇಡಿ, ನೋಯಿಸಿದವರು ಅಲ್ಲಿ ಕೂತಿದ್ದಾರೆ ಎಂದು ಭಾವಿಸಿ, ಕಣ್ಣು ಮುಚ್ಚಿ ಎದೆಯಲ್ಲಿದ್ದದ್ದನ್ನೆಲ್ಲ ಹೇಳಿ. ಆಮೇಲೆ ಕಣ್ಣು ತೆರೆಯದೆ ಸುಮ್ಮನಿರಿ, ಕುರ್ಚಿಯೇ ಉತ್ತರ ಕೊಡುತ್ತದೆ, ಒಳಗಿವಿಯಿಂದ ಕೇಳಿ.

ಭಾನುವಾರ ಸುಪ್ರಿಯಾ ಮೀನು ಪೇಟೆಗೆ ಹೋದ ಹೊತ್ತು ನೋಡಿ ಭಾಸ್ಕರ ಜಗಲಿಗೆ ಬಂದ. ಅಲ್ಲಿ ಎರಡು ಪ್ಲಾಸ್ಟಿಕ್ ಕುರ್ಚಿಗಳು ಎದುರುಬದುರಾಗಿ ಮೊದಲೇ ಕೂತಿದ್ದವು. ಶುಭಶಕುನ ಎಂದುಕೊಂಡು ಒಂದರಲ್ಲಿ ಕೂತು ಕಣ್ಣು ಮುಚ್ಚಿದ. ಮೆಲ್ಲಗೆ ಹೇಳಬೇಕೆಂದೇ ಇದ್ದ. ಆದರೆ ಇಪ್ಪತ್ತು ವರ್ಷ ಮೈಕಿನ ಮುಂದೆ ಪಳಗಿದ ಗಂಟಲು ಮೆಲ್ಲಗೆ ಎಂದರೆ ಎಲ್ಲಿ ಕೇಳುತ್ತದೆ?

"ಶಿರಾಲಿಯ ದಿನಕರ ಭಾವನವರ ಗಮನಕ್ಕೆ!" ಎಂದು ಶುರುವಾಯಿತು. ಎದುರುಮನೆಯ ನಾಯಿ ಎದ್ದು ಕೂತಿತು. "ಮನೆ ಒಕ್ಕಲಿನ ಮರುದಿನ ನೀವು ನನಗೆ ಬಾಲ ಬಡ್ಸಿದ್ರಿ! ದಿನೇಶನಿಗೆ ನಡುತುಂಡು ಬಡ್ಸಿದ್ರಿ! ಎಂತಕೆ? ಅವ ಕಾರಿನಲ್ಲಿ ಬಂದವ ಹೇಳಿಯಾ? ನಾನು ಬಸ್ಸಿನವ ಹೇಳಿಯಾ? ಆ ಮನೆಗೆ ಮೊದ್ಲು ಬಂದ ಅಳಿಯ ನಾನು! ಬಾವಿ ಹೂಳೆತ್ತುವಾಗ ಕೆಸರಿಗೆ ಇಳಿದವ ಯಾರು? ನಾನು! ಮುಳ್ಳು ನುಂಗುವವ ಯಾರು? ಅದೂ ನಾನೇ!"

ಅಷ್ಟು ಹೇಳಿದ ಮೇಲೆ ಸ್ವರ ತಾನಾಗಿ ಇಳಿಯಿತು. "ಒಂದು ತುಂಡು ಮೀನಿನ ಮಾತಲ್ಲ ಭಾವಾ. ನನಗೆ ಅಣ್ಣ ಇಲ್ಲ. ನಿಮ್ಮನ್ನೇ ಅಣ್ಣ ಹೇಳಿ ತಿಳ್ಕಂಡಿದ್ದೆ. ನೀವು ಹಾಂಗೆ ಮಾಡ್ಬಾರ್ದಿತ್ತು." ಮುಚ್ಚಿದ ಕಣ್ಣಿನಿಂದ ನೀರು ಬಂತು. ಆದರೂ ಏನು ಹಗುರ! ಭಾಸ್ಕರ ಒಳಗಿವಿ ತೆರೆದು ಕಾದ.

ಎದುರಿನ ಕುರ್ಚಿ ಕರಕರ ಎಂದಿತು.

"ಅಲ್ಲ ಭಾವಾ," ಎಂದಿತು ಕುರ್ಚಿ. "ನಿಮಗೆ ಬಾಲ ಅಂದ್ರೆ ಪಂಚಪ್ರಾಣ ಅಲ್ವಾ?"

ಭಾಸ್ಕರ ಪುಳಕಗೊಂಡ. ಗುರುಗಳೆಂದರೆ ಗುರುಗಳು! ಸ್ವರವೂ ಥೇಟ್ ದಿನಕರನದೇ. ಒಳಗಿವಿಯ ಜೊತೆಗೆ ಒಳಮೂಗೂ ತೆರೆದಂತಾಗಿ ಎಲೆಯಡಿಕೆಯ ವಾಸನೆ ಕೂಡ ಬರುತ್ತಿತ್ತು.

"ಯಾರು ಹೇಳಿದ್ದು?" ಎಂದು ಕಣ್ಣು ಮುಚ್ಚಿಯೇ ಗದರಿಸಿದ.

"ಸುಪ್ರಿಯಾ. ನಮ್ಮವರಿಗೆ ಬಾಲ ಇಲ್ದಿದ್ರೆ ಊಟ ಸೇರುದಿಲ್ಲ ಹೇಳಿ ಮದುವೆಯಾದ ವರ್ಷವೇ ಹೇಳಿದ್ಲು. ಅದ್ಕೇ ಅವತ್ತು ಬಾಲ ಯಾರಿಗೂ ಮುಟ್ಟುಕೆ ಬಿಡದೆ ನಾನೇ ತೆಗೆದಿಟ್ಟದ್ದು."

"ನಾನು ಬಾಲ ಇಷ್ಟ ಹೇಳಿ ಯಾವಾಗ ಹೇಳಿದ್ದೆ?"

"ಅದು ನನಗೆ ಹೇಂಗೆ ಗೊತ್ತಾಗುದು ಮಾರಾಯ್ರೆ? ಮೊದ್ಲು ಒಂದು ಲೋಟ ನೀರು ಕೊಡಿ. ಬಿಸಿಲಲ್ಲಿ ಬಸ್ಸಿಳಿದು ಬಂದು ಗಂಟಲು ಒಣಗಿ ಹೋತು."

ಪ್ಲಾಸ್ಟಿಕ್ ಕುರ್ಚಿಗೆ ಬಾಯಾರಿಕೆ ಆಗುವುದನ್ನು ಗುರುಗಳು ಹೇಳಿರಲಿಲ್ಲ. ಭಾಸ್ಕರ ಕಣ್ಣು ತೆರೆದ. ಎದುರಿಗೆ ದಿನಕರ, ಬೆವರು ಒರೆಸಿಕೊಳ್ಳುತ್ತ, ತೊಡೆಯ ಮೇಲೆ ಅಕ್ಷತೆಯ ಪೊಟ್ಟಣ, ತೆಂಗಿನಕಾಯಿ, ಮದುವೆಯ ಕಾಗದ ಇಟ್ಟುಕೊಂಡು ಕೂತಿದ್ದ. ಹತ್ತಿರದವರನ್ನು ಮನೆಗೇ ಬಂದು ಕರೆಯಬೇಕಲ್ಲ, ಬಂದಿದ್ದ. ತಿರುವಿನಲ್ಲೇ ತನ್ನ ಹೆಸರು ಕೇಳಿ, ಬಸ್‌ಸ್ಟ್ಯಾಂಡು ಇಲ್ಲಿಗೆ ಬಂತೋ ಎಂದುಕೊಂಡನಂತೆ.

ಭೂಮಿ ಬಾಯಿಬಿಡಲಿಲ್ಲ. ಬಿಟ್ಟಿದ್ದರೆ ಭಾಸ್ಕರ ಕುರ್ಚಿ ಸಮೇತ ಇಳಿದು ಹೋಗುತ್ತಿದ್ದ. ಅಷ್ಟರಲ್ಲಿ ಸುಪ್ರಿಯಾ ಮೀನಿನ ಚೀಲ ಹಿಡಿದು ಬಂದಳು. ಅಣ್ಣನ ಮುಖ ನೋಡಿದಳು, ಗಂಡನ ಒದ್ದೆ ಕಣ್ಣು ನೋಡಿದಳು. ದಿನಕರ ಇದ್ದದ್ದನ್ನೆಲ್ಲ ಹೇಳಿಬಿಟ್ಟ.

"ಬಾಲ ಇಷ್ಟ ಇಲ್ವಾ?" ಚೀಲ ಕೆಳಗಿಟ್ಟಳು ಸುಪ್ರಿಯಾ. "ಮದುವೆಯಾದ ವಾರ, ಇದೇ ಮನೆಯಲ್ಲಿ, ಎರಡೇ ತುಂಡು ಉಳಿದಿತ್ತು. 'ನನಗೆ ಬಾಲ ಅಂದ್ರೆ ಬಹಳ ಇಷ್ಟ, ನಡುತುಂಡು ನೀನು ತಿನ್ನು' ಅಂದವ್ರು ಯಾರು?"

ಭಾಸ್ಕರನಿಗೆ ನೆನಪಾಯಿತು. ಹೊಸ ಹೆಂಡತಿ, ಹೊಸ ಬಳೆ, ದೀಪದ ಬೆಳಕು, ಅವಳ ನಾಚಿಕೆ. ಆ ಹೊತ್ತಿನಲ್ಲಿ ಅವಳು ಕೇಳಿದ್ದರೆ ಬಾವಿಯನ್ನೇ ಎತ್ತಿ ಕೊಡುತ್ತಿದ್ದ, ಒಂದು ನಡುತುಂಡೇನು ದೊಡ್ಡದು!

"ಅದು... ನಿನಗೆ ನಡುತುಂಡು ಸಿಗ್ಲಿ ಹೇಳಿ ಅಂದದ್ದು."

"ಅಯ್ಯೋ ನನ್ನ ಕರ್ಮವೇ!" ಸುಪ್ರಿಯಾ ಹಣೆ ಬಡಿದುಕೊಂಡಳು. "ಬಾಲ ಇಷ್ಟ ಇದ್ದದ್ದು ನನಗೆ! ಕರುಕುರು ಹುರಿದ ಬಾಲಕ್ಕೆ ನಾನು ಅಣ್ಣನ ಹತ್ರ ಎಷ್ಟು ಜಗಳ ಮಾಡಿದ್ದೆ, ಕೇಳಿ ಬೇಕಾದ್ರೆ!"

"ಕೈ ಕಚ್ಚಿದ್ಲು," ಎಂದು ದಿನಕರ ಮುಂಗೈ ತೋರಿಸಿದ.

"ಗಂಡನಿಗೆ ಇಷ್ಟ ಹೇಳಿ ಇಷ್ಟು ವರ್ಷ ಬಾಯಿ ಕಟ್ಕಂಡು ಆ ಸಪ್ಪೆ ನಡುತುಂಡು ತಿಂದೆ. ಎಣ್ಣೆಯಿಂದ ತೆಗೆಯುವಾಗ ಬಾಯಲ್ಲಿ ನೀರು ಬರ್ತಿತ್ತು, ನುಂಗಿ ನಿಮ್ಮ ತಟ್ಟೆಗೆ ಹಾಕ್ತಿದ್ದೆ. ನೀವು ಒಂದು ಸಲ, ಒಂದೇ ಸಲ, 'ನೀನೂ ಸ್ವಲ್ಪ ತಿನ್ನು' ಹೇಳಿದ್ರಾ? ಆ ಸಿಟ್ಟು ತಡೀಲಿಕ್ಕೆ ಆಗದೆ ಟೀವಿಯ ಯೂಟ್ಯೂಬಿನಲ್ಲಿ ಆ ಶಾಲಿನ ಗುರುಗಳನ್ನ ಹಾಕ್ಕಂಡು ಅರ್ಧ ನೋಡಿ ನಿಲ್ಸಿ ಇಡ್ತಿದ್ದದ್ದು ನಾನು!"

ಭಾಸ್ಕರನ ಬಾಯಿ ತೆರೆದೇ ಉಳಿಯಿತು. "ಹಾಂಗಾದ್ರೆ ಈ ಕುರ್ಚಿ..."

"ನಾನೇ ಇಟ್ಟದ್ದು. ನಿಮ್ಮನ್ನ ಅದ್ರ ಮೇಲೆ ಕೂರ್ಸಿ ದಿನಾ ಬೈದಿದ್ದೆ. ಒಂದು ದಿನವೂ ಉತ್ತರ ಕೊಡ್ಲಿಲ್ಲ. ಅದ್ರಲ್ಲಿ ಮಾತ್ರ ನಿಮ್ಮ ಹಾಂಗೇ."

ಮೊದಲು ನಕ್ಕವನು ದಿನಕರ. ಹಲ್ಲು ನಿಜಕ್ಕೂ ಚೆನ್ನಾಗಿತ್ತು. ಆಮೇಲೆ ಸುಪ್ರಿಯಾ ಸೆರಗು ಬಾಯಿಗೊತ್ತಿಕೊಂಡಳು. ಭಾಸ್ಕರ ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡಿದ. ಮೂರು ವರ್ಷದಿಂದ ಎದೆಯಲ್ಲಿ ಸಿಕ್ಕಿಕೊಂಡಿದ್ದ ಮುಳ್ಳು ಅನ್ನದ ತುತ್ತೂ ಇಲ್ಲದೆ ಇಳಿದು ಹೋಯಿತು. ದಿನಕರ ಎದ್ದು ಅವನ ಕೈಗೆ ತೆಂಗಿನಕಾಯಿ ಇಟ್ಟು, "ಬತ್ರಲ್ಲ ಭಾವಾ?" ಎಂದಾಗ, "ಮೂರು ದಿನ ಮೊದ್ಲೇ ಬಂದು ಚಪ್ಪರ ಹಾಕ್ತೆ, ಆತಾ?" ಎಂದ.

ಹಾಗೆಯೇ ಹೋದ. ಜೋಡಿಯಾಗಿ ನಿಂತು ದೀಕ್ಷಾಳಿಗೆ ಅರಿಶಿನ ಹಚ್ಚಿದ. ಸುಪ್ರಿಯಾಳ ಮುಖ ನೋಡಬೇಕಿತ್ತು ಆವಾಗ, ಮದುಮಗಳಿಗಿಂತ ಅವಳೇ ಹೊಳೆಯುತ್ತಿದ್ದಳು.

ಮರುದಿನ ಮೀನೂಟ. ಮೊದಲ ಪಂಕ್ತಿಯಲ್ಲಿ ಭಾಸ್ಕರ, ಪಕ್ಕದಲ್ಲೇ ಸುಪ್ರಿಯಾ. ದಿನಕರ ಸ್ವತಃ ಪಾತ್ರೆ ಹಿಡಿದು ಬಂದು, ಎಲ್ಲರಿಗೂ ಕೇಳುವಂತೆ "ನಮ್ಮ ಹಿರಿ ಅಳಿಯನಿಗೆ ನಡುತುಂಡು!" ಎಂದು ಒಂದರ ಮೇಲೊಂದು ಎರಡು ಇಟ್ಟ. ದಿನೇಶ ಕಣ್ಣರಳಿಸಿ ನೋಡಿದ. ಸುಪ್ರಿಯಾಳ ಎಲೆಗೆ ಬಾಲ ಬಿತ್ತು.

ಭಾಸ್ಕರ ಗಂಭೀರವಾಗಿ ಮುರಿದು ಬಾಯಿಗಿಟ್ಟ. ಅಗಿದ. ಇನ್ನೊಂದಿಷ್ಟು ಅಗಿದ. ಮುಳ್ಳಿಲ್ಲ, ಕರುಕುರು ಇಲ್ಲ, ಮಸಾಲೆ ಒಳಗೆ ಹೋಗಿಯೇ ಇಲ್ಲ. ಇಷ್ಟು ವರ್ಷ ಇದಕ್ಕಾಗಿಯೇ ಹಲುಬಿದ್ದೇ? ಪಕ್ಕದಲ್ಲಿ ಕರುಮ್ ಎಂದು ಸದ್ದಾಯಿತು. ಅಂಚು ಕಪ್ಪಗೆ ಗರಿಗರಿಯಾದ ಬಾಲ. ಭಾಸ್ಕರನ ಬಾಯಲ್ಲಿ ನೀರೂರಿತು.

"ಏ ಸುಪ್ರಿಯಾ," ಎಂದ ಮೆಲ್ಲಗೆ, "ಒಂದು ಚೂರು..."

ಸುಪ್ರಿಯಾ ಎಡಗೈಯನ್ನು ಎಲೆಗೆ ಅಡ್ಡ ಹಿಡಿದಳು.

"ಸಿಟ್ಟು ಬಂದ್ರೆ ಕುರ್ಚಿ ಜಗಲಿಯಲ್ಲೇ ಉಂಟು," ಎಂದಳು. "ಮನೆಗೆ ಹೋದ ಮೇಲೆ ನನ್ನ ಕೂರ್ಸ್ಕಂಡು ಬೈರಿ."