ಮಲ್ಲಣ್ಣನ ಲಾಡ್ಜಿಗೆ ನಾನು ಮಾಡಿದ ಉಪಕಾರ

ಲಾಕ್‌ಡೌನ್ ಸಡಿಲಿಸಿ, ಇನ್ನು ಲಾಡ್ಜುಗಳನ್ನು ತೆರೆಯಬಹುದು ಎಂದು ಸರ್ಕಾರ ಹೇಳಿದ ದಿನವೇ ಗಂಗಾವತಿಯ ವಸತಿ ಉದ್ಯಮವನ್ನು ಮೇಲೆತ್ತುವ ಹೊಣೆಯನ್ನು ನಾನು ಹೆಗಲಿಗೇರಿಸಿಕೊಂಡೆ. ಯಾರೂ ಕೇಳಿರಲಿಲ್ಲ. ನಾನು ಹೈಸ್ಕೂಲು ಮೇಷ್ಟರು. ಶಾಲೆ ಮುಚ್ಚಿತ್ತು, ಬುದ್ಧಿ ಹೇಳಲು ಮಕ್ಕಳಿಲ್ಲದೆ ಬಾಯಿ ತುಕ್ಕು ಹಿಡಿದಿತ್ತು.

ಉದ್ಯಮ ಎಂದರೆ ನನ್ನ ಹೆಂಡತಿ ಗಿರಿಜೆಯ ತಮ್ಮ ಮಲ್ಲಣ್ಣನ ಲಾಡ್ಜು. ಅವರಪ್ಪ ಕಟ್ಟಿಸಿದ್ದು. ಭತ್ತದ ವ್ಯಾಪಾರಿಗಳು, ಅಂಜನಾದ್ರಿ ಬೆಟ್ಟಕ್ಕೆ ಬರುವ ಭಕ್ತರು ಇಳಿಯುತ್ತಿದ್ದ ಜಾಗದಲ್ಲಿ ಈಗ ಪಾರಿವಾಳಗಳು ಬಾಡಿಗೆಯಿಲ್ಲದೆ ಸಂಸಾರ ಹೂಡಿದ್ದವು. ಗೊಬ್ಬರದ ವ್ಯಾಪಾರಿ ಬಸೆಟ್ಟೆಪ್ಪ ಅದನ್ನು ಗೋದಾಮು ಮಾಡಿಕೊಳ್ಳಲು ಕಾದು ಕುಳಿತಿದ್ದ.

"ಈ ವಾರ ಒಬ್ಬ ಗಿರಾಕಿನೂ ಇಳಿಲಿಲ್ಲಂದ್ರ ಕೀಲಿ ಬಸೆಟ್ಟೆಪ್ಪಗ ಕೊಡೂದ ಮಾಮಾ" ಎಂದ ಮಲ್ಲಣ್ಣ. "ನಾ ಮಿಲ್ಲು, ಮಾರ್ಕೆಟ್ ಅಡ್ಡಾಡಿ ಮಂದಿ ಕಳಸ್ತೀನಿ. ಮ್ಯಾನೇಜರ್ ಊರಿಗೆ ಹೋದಾಂವ ತಿರುಗಿ ಬಂದಿಲ್ಲ. ಕೌಂಟರಿನಾಗ ಕುಂದ್ರಾಕ ಒಬ್ರು ಬೇಕು."

"ನಾ ಇದ್ದೀನಲ್ಲೋ" ಎಂದೆ.

"ಅದಕ್ಕ ನನಗ ಅಂಜಿಕಿ" ಎಂದಳು ಗಿರಿಜೆ, ಅಡುಗೆಮನೆಯಿಂದ.

ಮರುದಿನ ಮಾಸ್ಕು, ಕೈಗವಸು, ಜ್ವರ ನೋಡುವ ಗನ್ನು ಸಮೇತ ಅಧಿಕಾರ ವಹಿಸಿಕೊಂಡೆ. ಬಾಗಿಲ ಮುಂದೆ ಸೀಮೆಸುಣ್ಣದಿಂದ ದೂರ ದೂರಕ್ಕೆ ವೃತ್ತ ಬರೆದೆ. ಅಂಥ ದುಂಡನೆಯ ವೃತ್ತಗಳು ಇಡೀ ಜಿಲ್ಲೆಯಲ್ಲಿ ಇರಲಿಲ್ಲ. ಅವುಗಳೊಳಗೆ ನಿಲ್ಲಲು ಮನುಷ್ಯರೊಬ್ಬರು ಬರಬೇಕಿತ್ತು, ಅಷ್ಟೇ.

ಬಂದರು. ಬೀಜದ ಕಂಪನಿಯ ಏಜೆಂಟರು, ಕೈಯಲ್ಲಿ ಸೂಟ್‌ಕೇಸು. ಹಣೆಗೆ ಗನ್ನು ಹಿಡಿದೆ, ಜ್ವರವಿರಲಿಲ್ಲ. ಕೀಲಿ ಕೊಟ್ಟು ಸುಮ್ಮನಿದ್ದಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ನಮ್ಮ ಕಡೆ ಎದುರಿಗೆ ಬಂದವರ ಊರು, ಮನೆತನ ವಿಚಾರಿಸದಿದ್ದರೆ ಅದು ಸೊಕ್ಕು.

"ಯಾವ ಊರಾತ್ರಿ?" ಎಂದೆ.

"ಯಲಬುರ್ಗಾ ರೀ."

"ಯಲಬುರ್ಗಾದಾಗ ಯಾರ ಪೈಕಿ?"

ಅವರು ಹೇಳಿದರು. ನಾನು ಅವರ ಅಜ್ಜನಿಂದ ಹಿಡಿದು ನಮ್ಮ ಸೋದರತ್ತೆಯವರೆಗೆ ಸಂಬಂಧದ ಎಳೆ ಹಿಡಿದುಕೊಂಡು ಬಂದೆ. ನೋಡಿದರೆ ನಮ್ಮ ಅತ್ತೆಯ ಮೈದುನನ ಮಗ! ಊರಲ್ಲಿ ನಮ್ಮ ಮನೆ ಇಟ್ಟುಕೊಂಡು ಬೀಗರ ಪೈಕಿಯವರು ಲಾಡ್ಜಿನಲ್ಲಿ ಮಲಗುವುದೆಂದರೇನು? ನಾಳೆ ಸೋದರತ್ತೆಗೆ ಯಾವ ಮುಖ ತೋರಿಸಲಿ? ಸೂಟ್‌ಕೇಸನ್ನು ನಾನೇ ಎತ್ತಿಕೊಂಡು ಮನೆಗೆ ಕರೆದೊಯ್ದೆ.

ಗಿರಿಜೆ ನನ್ನನ್ನು ಒಳಗೆ ಕರೆದಳು. "ಲಾಡ್ಜಿನಾಗ ಆರಡಿ ದೂರ ನಿಂದ್ರಸ್ತೀರಿ. ಮನಿಗೆ ತಂದು ಮಗ್ಗಲಕ್ಕ ಕುಂದ್ರಸ್ತೀರಿ. ಯಾ ಊರಿನ ನ್ಯಾಯಾರಿ ಇದು?"

"ಸಂಬಂಧಿಕರದಾರ."

"ಕೊರೋನಾ ಸಂಬಂಧ ಕೇಳಿ ಬರ್ತೈತೇನ್ರಿ?" ಎಂದವಳೇ ಅವರಿಗೆ ಹಿಂದಿನ ಕೋಣೆ ತೆರವು ಮಾಡಿಕೊಟ್ಟು, ರೊಟ್ಟಿಗೆ ಹಿಟ್ಟು ನಾದಲು ಕುಳಿತಳು.

ಮರುದಿನ ಬೆಟ್ಟಕ್ಕೆ ಹೊರಟಿದ್ದ ಗಂಡ ಹೆಂಡತಿ ಬಂದರು. ಊರು ಕೇಳಬಾರದೆಂದು ಹಲ್ಲು ಕಚ್ಚಿ ಹಿಡಿದೆ. ಆದರೆ ಆಯಮ್ಮ ಚೀಲ ಇಳಿಸುತ್ತ, "ಹನುಮಸಾಗರದಿಂದ ಬಸ್ಸ ಸಿಗಲಿಲ್ಲ ನೋಡ್ರಿ" ಎಂದರು. ಹನುಮಸಾಗರ ಗಿರಿಜೆಯ ತಾಯಿಯ ತವರು. ತವರಿನ ಕಡೆಯವರನ್ನು ಲಾಡ್ಜಿಗೆ ನೂಕಿದೆ ಎಂದು ಗೊತ್ತಾದರೆ ಮನೆಯಲ್ಲಿ ನನ್ನ ಗತಿಯೇನು? ಅವರೂ ಮನೆಗೆ ಬಂದರು. ಈ ಸಲ ಗಿರಿಜೆ ಬೈಯಲಿಲ್ಲ, ನಮ್ಮ ಮಂಚ ಅವರಿಗೆ ಬಿಟ್ಟುಕೊಟ್ಟಳು.

ಆಮೇಲೆ ಬಂದವನು ಭತ್ತ ಕೊಯ್ಯುವ ಯಂತ್ರದ ಚಾಲಕ, ತೆಲುಗು ಮಾತಿನವನು. ಸಂಬಂಧದ ಭಯವೇ ಇಲ್ಲ! ನೆಮ್ಮದಿಯಿಂದ ಕೀಲಿಗೆ ಕೈ ಹಾಕಿ, "ಮಾಸ್ಕ್ ಸರಿಯಾಗಿ ಹಾಕ್ಕೋ" ಎಂದೆ. ಅವನು ನನ್ನನ್ನೇ ನೋಡಿದ.

"ಸರ್, ನೀವಾ? ನಾನ್ರಿ, ಮರಳಿ ಊರಿನ ಶ್ರೀನಿವಾಸ. ನಿಮ್ಮ ಧ್ವನಿ ಕೇಳಿದ್ರ ಈಗೂ ಕಿವಿ ಉರಿತೈತ್ರಿ" ಎಂದು ಕಾಲಿಗೆ ಬಿದ್ದ. ಕಿವಿ ಹಿಂಡಿದ ಗುರು ಎಂಬ ಪಾಪಪ್ರಜ್ಞೆಗೆ ಅವನನ್ನೂ ಮನೆಗೆ ಕರೆದೊಯ್ದು ಪಡಸಾಲೆಯಲ್ಲಿ ಹಾಸಿಗೆ ಹಾಕಿಸಿದೆ.

ವಾರದ ಕೊನೆಗೆ ಮಲ್ಲಣ್ಣ ಬಸೆಟ್ಟೆಪ್ಪನನ್ನು ಕರೆದುಕೊಂಡೇ ಲಾಡ್ಜಿಗೆ ಬಂದ. ತಾನು ಕಳಿಸಿದ ಗಿರಾಕಿಗಳನ್ನು ತೋರಿಸಿ, ಗೋದಾಮಿನ ಮಾತನ್ನು ಅಲ್ಲಿಗೇ ಮುಗಿಸುವ ಹುಮ್ಮಸ್ಸು ಅವನಿಗೆ. ಎಲ್ಲ ಕೀಲಿಗಳೂ ಹಲಗೆಯ ಮೇಲೆ ಸಾಲಾಗಿ ತೂಗುತ್ತಿದ್ದವು. ಬಸೆಟ್ಟೆಪ್ಪ ಟೇಪು ತೆಗೆದು ಗೋಡೆ ಅಳೆಯಲು ಶುರು ಮಾಡಿದ.

"ಮಾಮಾ, ನಾ ಕಳಿಸಿದ ಮಂದಿ ಎಲ್ಲಿ?"

"ಬಂದಿದ್ರು... ಮನ್ಯಾಗ ಅದಾರ."

"ಯಾರ ಮನ್ಯಾಗ?"

"ನಮ್ಮ ಮನ್ಯಾಗ."

ಮಲ್ಲಣ್ಣ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಮೆಟ್ಟಿಲ ಮೇಲೆ ಕುಳಿತುಬಿಟ್ಟ. "ನಮ್ಮಪ್ಪ ಇದನ್ನ ದಣಿದ ಮಂದಿ ಮಲಗಾಕ ಕಟ್ಟಿಸಿದ್ದ ಮಾಮಾ. ಗೊಬ್ಬರದ ಚೀಲ ಮಲಗಾಕಲ್ಲ" ಎಂದ. ಅವರಪ್ಪನ ಲಾಡ್ಜನ್ನು ಕೊರೋನಾ ಅರ್ಧ ಮುಗಿಸಿತ್ತು, ಉಳಿದರ್ಧವನ್ನು ನಾನು ಮುಗಿಸಿದ್ದೆ.

ಮನೆಗೆ ಓಡಿದೆ. ಅತಿಥಿಗಳಿಗೆ ಲಾಡ್ಜಿನ ಗಾಳಿ, ಬೆಳಕು, ಬಿಸಿನೀರಿನ ಸೌಕರ್ಯಗಳನ್ನು ಮನಮುಟ್ಟುವಂತೆ ವರ್ಣಿಸಿದೆ. ಯಲಬುರ್ಗಾದವರು ರೊಟ್ಟಿ ಕೆಳಗಿಟ್ಟರು. "ಕರಕೊಂಡು ಬಂದು ಈಗ ಎಬ್ಬಿಸಿ ಕಳಸ್ತೀರೇನ್ರಿ? ನಿಮ್ಮ ಸೋದರತ್ತಿಗೆ ಫೋನ್ ಹಚ್ಚಲೇನು?"

ಗಿರಿಜೆ ನಡುವೆ ಬಂದಳು. "ನೀವು ಉಣ್ರಿ, ಅವರ ಮಾತು ಮನಸ್ಸಿಗೆ ಹಚ್ಕೋಬ್ಯಾಡ್ರಿ" ಎಂದು ಅವರನ್ನು ಸಮಾಧಾನ ಮಾಡಿ ನನ್ನ ಕಡೆ ತಿರುಗಿದಳು. "ಬಂದವರನ್ನ ಎಬ್ಬಸೂದು ಬರೂದಿಲ್ಲ. ನನ್ನ ತಮ್ಮಗ ಗಿರಾಕಿ ಬೇಕು. ಇಲ್ಲಿ ಕಾಲಿಡಾಕ ಜಾಗ ಇಲ್ಲ. ನೀವಽ ಹೋಗ್ರಿ." ಹೇಳುವ ಮೊದಲೇ ಚೀಲದಲ್ಲಿ ನನ್ನ ಎರಡು ಧೋತರ, ಮಫ್ಲರು ತುಂಬಿಟ್ಟಿದ್ದಳು.

ಹೀಗೆ ಬಸೆಟ್ಟೆಪ್ಪ ನೋಡುತ್ತಿರುವಾಗಲೇ ನಾನು ನಾನೇ ಬರೆದ ವೃತ್ತದಲ್ಲಿ ನಿಂತೆ. ಮಲ್ಲಣ್ಣ ನನ್ನ ಹಣೆಗೆ ಗನ್ನು ಹಿಡಿದು, ಮುಂಗಡ ಇಸಿದುಕೊಂಡು, ಕೀಲಿ ಕೊಟ್ಟ.

"ಗಿರಾಕಿ ಬಂದಂಗಾತು. ಮುಂದಿನ ತಿಂಗಳು ನೋಡೂಣ" ಎಂದು ಬಸೆಟ್ಟೆಪ್ಪ ಟೇಪು ಸುತ್ತಿಕೊಂಡು ಹೋದ.

ಆಮೇಲೆ ಲಾಡ್ಜು ನಿಜವಾಗಿಯೂ ಚೇತರಿಸಿಕೊಂಡಿತು. ಸುಗ್ಗಿ ಶುರುವಾಯಿತು, ಕನಕಗಿರಿ, ಕುಷ್ಟಗಿ, ಕೊಪ್ಪಳದ ವ್ಯಾಪಾರಿಗಳು ಬಂದರು, ಬಂದವರು ಲಾಡ್ಜಿನಲ್ಲೇ ಇಳಿದರು. ಅದಕ್ಕೆ ಕಾರಣ ನಾನೇ ಎಂದು ಮಲ್ಲಣ್ಣ ಇಂದಿಗೂ ಎಲ್ಲರಿಗೂ ಹೇಳುತ್ತಾನೆ. ನಾನಿದ್ದದ್ದು ಮೇಲಂತಸ್ತಿನ ಕೊನೆಯ ಕೋಣೆಯಲ್ಲಿ. ಕೆಳಗೆ ಗಿರಾಕಿಯ ದನಿ ಕೇಳಿದ ಕೂಡಲೇ ಅವನು ಮೇಲೆ ಬಂದು ಹೊರಗಿನಿಂದ ಚಿಲಕ ಹಾಕುತ್ತಿದ್ದ. ಒಳಗೆ ಯಾರು ಎಂದು ಯಾರಾದರೂ ಕೇಳಿದರೆ, "ಕ್ವಾರಂಟೈನ್ ರೀ, ಮಾತಾಡಸಬ್ಯಾಡ್ರಿ" ಎನ್ನುತ್ತಿದ್ದ.