ಕ್ಯಾಮೆರಾದೊಳಗಿನ ನುಸಿ

ಫೋಟೋ ತೆಗೆಯುವುದು ಈಜಿನ ಹಾಗೆ, ಒಮ್ಮೆ ಕಲಿತರೆ ಸಾಯುವ ತನಕ ಮರೆಯುವುದಿಲ್ಲ ಎಂದು ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ ಕೂತು ನಾಲ್ಕು ಜನರ ಮುಂದೆ ಘೋಷಿಸಿದ್ದೆ. ನಾನು ಕ್ಯಾಮೆರಾ ಮುಟ್ಟಿ ಆಗ ಎಂಟು ವರ್ಷವಾಗಿತ್ತು. ನನಗೆ ಈಜಲೂ ಬರುವುದಿಲ್ಲ ಎಂಬುದನ್ನು ಆ ನಾಲ್ವರಲ್ಲಿ ಯಾರೂ ನೆನಪಿಸಲಿಲ್ಲ.

ಕ್ಯಾಮೆರಾ ಕೊಡಿಸಿದವಳು ನನ್ನ ಸೋದರತ್ತೆ, ಅಕ್ಕೋಳದ ಚಂಪಾ ಅತ್ತಿ. ನನ್ನ ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳೂ ಅವಳೇ. ವಖಾರಿಯಲ್ಲಿ ನನಗೆ ಲೆಕ್ಕ ಬರೆಯುವ ಕಾರಕೂನಿ ಸಿಕ್ಕಾಗ ಮುಂಬೈಯಿಂದ ತರಿಸಿಕೊಟ್ಟಿದ್ದಳು. ಎರಡು ವರ್ಷ ಕಂಡಕಂಡವರನ್ನೆಲ್ಲ ನಿಲ್ಲಿಸಿ ಫೋಟೋ ಹೊಡೆದೆ. ಆಮೇಲೆ ಮದುವೆಯಾಯಿತು, ಮಕ್ಕಳಾದವು, ಹವ್ಯಾಸ ಮೂಲೆಗೆ ಬಿತ್ತು. ಕಾಳು ತೇವ ಹೀರುತ್ತದೆ ಎಂಬ ನನ್ನದೇ ಶಾಸ್ತ್ರದ ಪ್ರಕಾರ ಕ್ಯಾಮೆರಾವನ್ನು ಜೋಳದ ಡಬ್ಬಿಯಲ್ಲಿ ಹೂತಿಟ್ಟೆ. ಜೋಳಕ್ಕೆ ನುಸಿ ಹತ್ತುತ್ತದೆ ಎಂಬುದು ಆ ಶಾಸ್ತ್ರದಲ್ಲಿ ಇರಲಿಲ್ಲ.

ಆ ವರ್ಷ ಅತ್ತಿ ದೀಕ್ಷೆ ತೆಗೆದುಕೊಳ್ಳುವುದೆಂದು ನಿಶ್ಚಯವಾಯಿತು. ನಮ್ಮ ಜೈನರಲ್ಲಿ ದೀಕ್ಷೆಯೆಂದರೆ ಮನೆ, ಬಂಧು, ಬಳಗ ಎಲ್ಲ ಬಿಟ್ಟು, ಬಿಳಿ ಸೀರೆಯುಟ್ಟು ಬರಿಗಾಲಲ್ಲಿ ಹೊರಟುಬಿಡುವುದು. ಅದರ ಹಿಂದಿನ ದಿನ ಮದುಮಗಳಂತೆ ಸಿಂಗರಿಸಿ ಮೆರವಣಿಗೆ ಮಾಡುತ್ತಾರೆ. ಅಪ್ಪನಿಗೆ ಅವಳು ಒಬ್ಬಳೇ ತಂಗಿ.

“ದೀಕ್ಷಾ ಆದಮ್ಯಾಲೆ ಅಕಿಗಿ ತಂಗೀ ಅನ್ನಾಕ ಬರೂದಿಲ್ಲ, ಕೈ ಮುಗೀಬೇಕು” ಎಂದ ಅಪ್ಪ. “ನಾನು, ಅಕಿ ಕೂಡಿ ಕುಂತಿದ್ದು ಒಂದ ಫೋಟೋ ಮನ್ಯಾಗ ಇರಲಿ. ಅಕೀದು ಒಂದೂ ಇಲ್ಲ.”

ಇರಲಿಲ್ಲ, ನಿಜ. ಊರಿನ ಎಮ್ಮೆಗಳ ಫೋಟೋ ನನ್ನ ಬಳಿ ಇದ್ದವು. ಅತ್ತಿ ಮಾತ್ರ “ನಾಳೆ ತಗಿಯಂತ, ಈಗ ರೊಟ್ಟಿ ಬಡಿಯಾಕತ್ತೇನಿ” ಎನ್ನುತ್ತಿದ್ದಳು. ನಾನೂ ಆಯಿತು ಎಂದು ಎಮ್ಮೆಯ ಕಡೆ ತಿರುಗುತ್ತಿದ್ದೆ.

ಅಪ್ಪ ನಿಪ್ಪಾಣಿಯ ಸ್ಟುಡಿಯೋದವನಿಗೆ ಹೇಳಿದ್ದ. ನನಗೆ ಇದು ಘೋರ ಅಪಮಾನವೆನಿಸಿತು. ಮೆರವಣಿಗೆಯ ದಿನ ಬೆಳಿಗ್ಗೆ ಅವನು ಸೈಕಲ್ ಮೇಲೆ ಅಕ್ಕೋಳಕ್ಕೆ ಬಂದಾಗ ನಾನೇ ಚಹಾ ಕೊಟ್ಟು, ನಾನೇ ತಿರುಗಿ ಕಳಿಸಿದೆ.

“ನಾನೂ ಒಂದೆರಡು ಹೊಡೀತೀನಲ್ರಿ, ಇರಲಿ” ಎಂದ ಅವನು.

“ಬ್ಯಾಡ್ರಿ. ಮನಿ ಕೆಲಸ, ಮನ್ಯಾವ್ರ ಮಾಡಬೇಕು.”

ನನ್ನ ಹೆಂಡತಿ ಸುನಂದಾ ಬಾಗಿಲಲ್ಲೇ ನಿಂತಿದ್ದಳು. “ಒಬ್ರಿಗಿಂತ ಇಬ್ರು ಚಲೋ ಅಲ್ಲೇನ್ರಿ?”

“ನಿನ್ನೆ ಟೆಸ್ಟ್ ಮಾಡೇನಿ. ಚಿಂತಿ ಮಾಡಬ್ಯಾಡ” ಎಂದೆ.

ಟೆಸ್ಟ್ ಮಾಡಿದ್ದು ಹೌದು. ಹೊಸ ರೋಲು ತಂದು ಹಾಕಿ, ಕಪಾಟಿನ ಕನ್ನಡಿಯ ಮುಂದೆ ನಿಂತು ಮೊದಲನೆಯ ಫೋಟೋ ನನ್ನದೇ ಹೊಡೆದುಕೊಂಡಿದ್ದೆ. “ಅಂಗಿಯಾದ್ರೂ ಹಾಕ್ಕೋರಿ” ಎಂದಿದ್ದಳು ಸುನಂದಾ. ಟೆಸ್ಟಿಗೆ ಬನಿಯನ್ ಸಾಕು ಎಂದಿದ್ದೆ.

ಮೂವತ್ತಾರು ಫೋಟೋಗಳ ರೋಲು. ಬೆಳಗಿನಿಂದ ನನ್ನೊಳಗಿನ ಕಲಾವಿದ ಎಂಟು ವರ್ಷದ ಹಸಿವು ತೀರಿಸಿಕೊಂಡ. ಎತ್ತಿನ ಕೊಂಬು ತೆಗೆದೆ. ಶಿರಾ ತಿರುವುವ ಹುಟ್ಟು, ಸಾಲಾಗಿ ಬಿಟ್ಟ ಚಪ್ಪಲಿಗಳು, ಹಂದರದ ಸಂದಿಯಿಂದ ಬೀಳುವ ಬಿಸಿಲು ತೆಗೆದೆ. ಬಿಸಿಲಿನದೇ ಏಳು ಆದವು. ಸುನಂದಾ ಎರಡು ಸಲ ಬಂದು ಅತ್ತಿಯದು ಯಾವಾಗ ಎಂದು ಕೇಳಿದಳು. ಮುಖ್ಯವಾದದ್ದು ಕೊನೆಗೆ ಎಂದು ಗಂಭೀರವಾಗಿ ತಿಳಿಸಿದೆ. ಕೊನೆಯ ಆರನ್ನು ಅತ್ತಿಗೆಂದೇ ಮೀಸಲಿಟ್ಟಿದ್ದೆ.

ನಡುಮಧ್ಯಾಹ್ನ ಅಂಗಳದಲ್ಲಿ ಎರಡು ಕುರ್ಚಿ ಹಾಕಿದೆವು. ಹಸಿರು ಜರತಾರಿ ಸೀರೆ, ಮೂಗಿನಲ್ಲಿ ನತ್ತು, ಅತ್ತಿ ಬಂದು ಕೂತಳು. ಪಕ್ಕದಲ್ಲಿ ತಲೆಗೆ ಪಟಕ ಸುತ್ತಿದ ಅಪ್ಪ. ಕ್ಯಾಮೆರಾದ ಕಿಂಡಿಯಲ್ಲಿ ಕಣ್ಣಿಟ್ಟೆ. ಅಪ್ಪನ ಪಟಕದ ಮೇಲೆ ಒಂದು ಕರಿ ಚುಕ್ಕೆ ನಡೆಯುತ್ತಿತ್ತು. ಕಣ್ಣು ಒರೆಸಿಕೊಂಡು ನೋಡಿದರೆ ಅದು ಅತ್ತಿಯ ನತ್ತಿನ ಮೇಲಿತ್ತು. ಐದು ಫೋಟೋ ತೆಗೆದೆ. ಆರನೆಯದನ್ನೂ ತೆಗೆದ ಮೇಲೆ ಬಾಯಿ ಸುಮ್ಮನಿರಲಿಲ್ಲ.

“ಕ್ಯಾಮೆರಾದಾಗ ನುಸಿ ಹೊಕ್ಕೈತಿ, ಅತ್ತಿ.”

“ಜೀವಂತ ಐತೇನೋ?”

“ಅಡ್ಡ್ಯಾಡಾಕತ್ತೈತಿ.”

ಅತ್ತಿಯ ಮುಖ ಬಾಡಿತು. “ಹಂಗಾದ್ರ ಮೊದಲ ಅದನ್ನ ಬಿಡು, ಭರತೇಶ. ಉಸಿರುಗಟ್ಟಿ ಸತ್ತೀತು. ನನ್ನ ಫೋಟೋ ಸಲುವಾಗಿ ಇವತ್ತ ಒಂದು ಜೀವ ಹೋಗೂದು ಬ್ಯಾಡ.”

ಕೂಡಿದವರೆಲ್ಲ ತಲೆಯಾಡಿಸಿದರು. ದೀಕ್ಷೆಯ ಮನೆಯಲ್ಲಿ ಜೀವದಯೆ ತೋರಿಸುವ ಭಾಗ್ಯ ನನ್ನ ಪಾಲಿಗೆ ಬಂದಿತ್ತು. ಎಲ್ಲರಿಗೂ ಕಾಣುವಂತೆ ಎರಡು ಹೆಜ್ಜೆ ಮುಂದೆ ಬಂದು, ರಣರಣ ಬಿಸಿಲಲ್ಲಿ ಕ್ಯಾಮೆರಾದ ಹಿಂದಿನ ಮುಚ್ಚಳ ತೆರೆದು ಮೃದುವಾಗಿ ಊದಿದೆ. ಒಮ್ಮೆ ಊದಿದರೆ ಸಾಲದೆಂದು ಮೂರು ಸಲ ಊದಿದೆ.

ಆಗ ರೋಲು ಕಾಣಿಸಿತು. ಬಿಸಿಲಿಗೆ ಮಿರಿಮಿರಿ ಮಿಂಚುತ್ತಿತ್ತು.

ಎಂಟು ವರ್ಷದಲ್ಲಿ ನಾನು ಮರೆತದ್ದು ಒಂದೇ ಸಂಗತಿ. ರೋಲನ್ನು ಮೊದಲು ಅದರ ಡಬ್ಬಿಯೊಳಗೆ ಸುತ್ತಿ, ಆಮೇಲೆ ಮುಚ್ಚಳ ತೆರೆಯಬೇಕು; ಬಿಸಿಲು ತಾಗಿದರೆ ತೆಗೆದ ಫೋಟೋಗಳೆಲ್ಲ ಸುಟ್ಟಂತೆ!

ಟಪ್ಪೆಂದು ಮುಚ್ಚಿದೆ.

“ಬಿಟ್ಟೇನೋ?” ಎಂದಳು ಅತ್ತಿ.

“ಬಿಟ್ಟೆ ಅತ್ತಿ.”

“ಚಲೋ ಆತು, ನನ್ನಪ್ಪ” ಎಂದು ನನ್ನ ಗಲ್ಲ ಸವರಿದಳು.

ಆಗಲೇ ಬಾಯಿ ಬಿಟ್ಟಿದ್ದರೆ ಯಾರಾದರೂ ಸೈಕಲ್ ತುಳಿದುಕೊಂಡು ಹೋಗಿ ಸ್ಟುಡಿಯೋದವನನ್ನು ಕರೆತರುತ್ತಿದ್ದರು. ಮೆರವಣಿಗೆ ಸಂಜೆಯ ತನಕ ಇತ್ತು. ನಾನು ಬಾಯಿ ಬಿಡಲಿಲ್ಲ. ಒಂದು ಕ್ಷಣದ ಬೆಳಕು ಏನು ಮಹಾ ಮಾಡೀತು ಎಂದು ನನಗೆ ನಾನೇ ಧೈರ್ಯ ಹೇಳಿಕೊಂಡೆ. ಮರುದಿನ ಅತ್ತಿ ಬಿಳಿ ಸೀರೆಯಲ್ಲಿ ಬಂದಾಗ ಎಲ್ಲರ ಹಾಗೆ ಕೈ ಮುಗಿದೆ. ಅಪ್ಪನೂ ಮುಗಿದ. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅವತ್ತೇ.

ನಿಪ್ಪಾಣಿಯಲ್ಲಿ ರೋಲು ತೊಳೆಯುವವನು ಬೇರೆ ಯಾರು? ನಾನು ಚಹಾ ಕೊಟ್ಟು ಕಳಿಸಿದವನೇ. ರೋಲು ಕೊಟ್ಟು ಬಂದು, ಎರಡು ದಿನ ಬಿಟ್ಟು ಕ್ಯಾಮೆರಾ ಹೆಗಲಿಗೆ ಹಾಕಿಕೊಂಡೇ ಹೋದೆ.

“ಮುಚ್ಚಳ ತಗದಿದ್ರೇನ್ರಿ?” ಎಂದ.

“ಒಳಗ ನುಸಿ ಇತ್ರಿ.”

“ರೋಲಿನ ಕಡೆ ಇತ್ತೋ, ನೋಡೂ ಕಿಂಡ್ಯಾಗ ಇತ್ತೋ?”

“ಕಿಂಡ್ಯಾಗ.”

“ಕಿಂಡಿಯಿಂದ ರೋಲಿನ ಕಡೆ ಹಾದೀನ ಇಲ್ಲಲ್ರಿ.” ಕ್ಯಾಮೆರಾ ಇಸಿದುಕೊಂಡು ಕಣ್ಣಿಗೆ ಹಿಡಿದ. “ಇನ್ನೂ ಇಲ್ಲೇ ಐತ್ರಿ, ಆರಾಮ ಐತಿ.”

ಎರಡು ಸಣ್ಣ ಸ್ಕ್ರೂ ಬಿಚ್ಚಿ ಮೇಲಿನ ತಗಡು ಎತ್ತಿ, ಕಿಟಕಿಯ ಕಟ್ಟೆಯ ಮೇಲೆ ಬಡಿದ. ನುಸಿ ಕೆಳಗೆ ಬಿದ್ದು, ನಮ್ಮಿಬ್ಬರ ಕಡೆಗೂ ನೋಡದೆ ಹೊರಟುಹೋಯಿತು.

ಮೂವತ್ತೈದು ಸುಟ್ಟಿದ್ದವು. ಎಲ್ಲಕ್ಕಿಂತ ಒಳಸುತ್ತಿನಲ್ಲಿದ್ದ ಮೊದಲನೆಯದು ಮಾತ್ರ ಉಳಿದಿತ್ತು, ಚೊಕ್ಕವಾಗಿ. ಅದನ್ನು ಅಪ್ಪನ ಕೈಗಿಟ್ಟು ನಡೆದದ್ದೆಲ್ಲ ಹೇಳಿದೆ. ಅಪ್ಪ ಫೋಟೋವನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

“ಇದರಾಗ ನನ್ನ ತಂಗಿ ಎಲ್ಲಿ ಅದಾಳೋ?” ಎಂದ.

ಬೈದಿದ್ದರೆ ಚೆನ್ನಾಗಿತ್ತು.

ಪಡಸಾಲೆಯ ಗೋಡೆಗೆ ಅಪ್ಪ ಆಗಲೇ ಮೊಳೆ ಹೊಡೆದಿದ್ದ, ಗಾಜಿನ ಫ್ರೇಮನ್ನೂ ತಂದಿಟ್ಟಿದ್ದ. ತಂದದ್ದನ್ನು ಖಾಲಿ ಇಡುವ ಪದ್ಧತಿ ನಮ್ಮ ಮನೆಯಲ್ಲಿಲ್ಲ; ಉಳಿದ ಆ ಒಂದೇ ಫೋಟೋ ಅದರೊಳಗೆ ಸೇರಿತು. ಬಂದವರು ಅದೇನೆಂದು ಕೇಳಿದರೆ ಸುನಂದಾ ಮುಖ ಒಂದಿಷ್ಟೂ ಸಡಿಲಿಸದೆ, “ಚಂಪಾ ಅತ್ತಿಯವರ ದೀಕ್ಷಾದ ಫೋಟೋ ಅದು” ಎನ್ನುತ್ತಾಳೆ. ಫೋಟೋದಲ್ಲಿ ಒಂದು ಬನಿಯನ್, ಬನಿಯನ್ನಿಗೆ ಒಂದು ತೂತು, ಎರಡು ಕಿವಿ ಕಾಣುತ್ತವೆ. ಮುಖ ಇರಬೇಕಾದಲ್ಲಿ ಕ್ಯಾಮೆರಾ ಇದೆ. ಅದನ್ನು ಅತ್ತಿಯೇ ಕೊಡಿಸಿದ್ದರಿಂದ ಸುನಂದಾಳ ಮಾತು ಪೂರ್ತಿ ಸುಳ್ಳೆಂದು ವಾದಿಸಲು ನನಗೆ ಬಾಯಿಲ್ಲ.