ಭಾವನವರ ಮೂರನೇ ಗೇರು

ಇಂದು ಭಾನುವಾರ. ಐದೂವರೆಗೆ ಎದ್ದು ಅಂಗಳ ಗುಡಿಸಿ ನೀರಿನ ಥಳಿ ಹೊಡೆದೆ. ನಳದ ನೀರು ಬಂದಿತ್ತು, ಎರಡು ಬ್ಯಾರಲ್ ತುಂಬಿದೆ. ಹಾಲು ಕಾಸಿದೆ. ಹದಿನಾಲ್ಕು ರೊಟ್ಟಿ ಬಡಿದೆ. ಬದನೆಕಾಯಿ ಎಣಗಾಯಿ ಮಾಡಿ ಇಳಿಸಿದೆ. ನಾಲ್ಕು ಬನಿಯನ್, ಎರಡು ಧೋತರ ಒಗೆದು ಹರವಿದೆ. ಅಷ್ಟಾದ ಮೇಲೆ ಸೆರಗು ಸೊಂಟಕ್ಕೆ ಸಿಗಿಸಿ, ಆರು ಗೇರಿನ ಕೆಂಪು ಟರ್ಬೊ ಕಾರಿನ ಸ್ಟೇರಿಂಗ್ ಮುಂದೆ ಹೋಗಿ ಕುಳಿತೆ.

ಈ ಕೊನೆಯ ಕೆಲಸ ಉಳಿದವುಗಳ ಸಾಲಿಗೆ ಹೇಗೆ ಬಂದು ಸೇರಿತು ಎಂದು ಕೇಳುತ್ತೀರಾ? ಎಲ್ಲ ನಮ್ಮ ಭಾವನಿಂದ, ಅಂದರೆ ನಮ್ಮ ಯಜಮಾನರ ಅಣ್ಣನಿಂದ! ಲೋಕದ ಜನ ಕಾರನ್ನು ಕೈಕಾಲಿನಿಂದ ಓಡಿಸುತ್ತಾರೆ. ಇಡೀ ರೋಣದಲ್ಲಿ ಕಿವಿಯಿಂದ ಓಡಿಸುವ ಮನುಷ್ಯ ಇವರೊಬ್ಬರೇ.

ಭಾವ ಮೂವತ್ತು ವರ್ಷ ಬಸ್ಸಿನ ಡ್ರೈವರ್ ಆಗಿದ್ದವರು. ಹೆಚ್ಚಿನ ಕಾಲ ರೋಣ–ನರಗುಂದ ದಾರಿ. ಆ ಬಸ್ಸಿನ ಗೇರನ್ನು ಕೈಯಿಂದ ಹಾಕಲು ಬರುತ್ತಿರಲಿಲ್ಲವಂತೆ. ಭುಜ, ಸೊಂಟ, ಮನೆದೇವರು ಮೂರೂ ಸೇರಬೇಕಿತ್ತಂತೆ. ನಿವೃತ್ತಿಯಾದಾಗ ಎಲ್ಲರೂ ಪ್ಲಾಟು ತೆಗೆದುಕೊಳ್ಳಿ ಎಂದರು. ಇವರು ಹುಬ್ಬಳ್ಳಿಗೆ ಹೋಗಿ, ಯಾರೋ ಹುಡುಗರು ಓಡಿಸಿ ಬಿಟ್ಟ ಈ ಕೆಂಪು ಕಾರು ತಂದು ಅಂಗಳದಲ್ಲಿ ನಿಲ್ಲಿಸಿದರು. "ಐವತ್ತೈದ ಮಂದೀನ ಎಳಕೊಂಡ ತಿರಗೇನಿ. ಇನ್ನ ಮುಂದ ನಾ ಒಬ್ಬಾವ, ಇದ ಒಂದ" ಎಂದರು. ಪ್ಲಾಟಿನ ಮಾತು ಅಲ್ಲಿಗೆ ಮುಗಿಯಿತು.

ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಈ ಬೇಸಿಗೆಯಲ್ಲಿ ಕಣ್ಣಿನ ಡಾಕ್ಟರು, ನರ ಒಣಗುತ್ತಿದೆ, ಪಕ್ಕದಿಂದ ಬರುವುದು ನಿಮಗೆ ಕಾಣುವುದಿಲ್ಲ, ಇನ್ನು ಗಾಡಿ ಓಡಿಸಬೇಡಿ ಎಂದುಬಿಟ್ಟರು. ಭಾವ ವಾದ ಮಾಡಲಿಲ್ಲ. ಒಂದೇ ಮಾತು ಕೇಳಿದರು: "ಬಾಜೂಕ ಕುಂತ ಹೋಗಬಹುದಲ್ರಿ?"

ಪಕ್ಕದಲ್ಲಿ ಕುಳಿತು ಹೋಗಲು ಓಡಿಸುವವರು ಬೇಕಲ್ಲ! ನಮ್ಮ ಯಜಮಾನರು ಗೇರಿಲ್ಲದ ಸ್ಕೂಟರ್ ಬಿಟ್ಟು ಬೇರೇನೂ ಮುಟ್ಟುವವರಲ್ಲ. ಕಾರು ಮಾರಿಬಿಡೋಣ ಎಂದರು. ನರಗುಂದದಿಂದ ಗಿರಾಕಿಯನ್ನೂ ಹುಡುಕಿದರು. ಹತ್ತು ವರ್ಷದ ಹಿಂದೆ ತೆಗೆದ ನನ್ನ ಲೈಸೆನ್ಸು ರೇಷನ್ ಕಾರ್ಡಿನ ಜೊತೆ ಟ್ರಂಕಿನಲ್ಲಿತ್ತು; ಅಂದಿನಿಂದ ನಾನು ಸ್ಟೇರಿಂಗ್ ಮುಟ್ಟಿರಲಿಲ್ಲ. ಭಾವ ಮೂರು ದಿನ ಊಟದಲ್ಲಿ ಎರಡನೇ ರೊಟ್ಟಿ ಕೇಳದೆ ಎದ್ದುಹೋದದ್ದನ್ನು ನೋಡಿ, ನನ್ನ ಬಾಯಿ ನನ್ನನ್ನು ಕೇಳದೆಯೇ, "ನಾ ಕಲೀತೇನ್ರಿ" ಎಂದುಬಿಟ್ಟಿತು. ಯಜಮಾನರು ನಕ್ಕು ಶರತ್ತು ಹಾಕಿದರು: ಮೂರು ವಾರ. ಅಣ್ಣ ಗೇರಿಗೆ ಕೈ ಹಚ್ಚದೆ ನಾನು ಗಜೇಂದ್ರಗಡದ ಗುಡ್ಡ ಹತ್ತಿಸಿ ಇಳಿಸಿ ತಂದರೆ ಕಾರು ಮನೆಯಲ್ಲಿ, ಇಲ್ಲದಿದ್ದರೆ ನರಗುಂದಕ್ಕೆ.

ಪಾಠ ರಸ್ತೆಯಲ್ಲಿ ಶುರುವಾಗಲಿಲ್ಲ, ಅಡುಗೆಮನೆಯಲ್ಲಿ ಶುರುವಾಯಿತು! ನನ್ನನ್ನು ಮಣೆಯ ಮೇಲೆ ಕೂರಿಸಿ ಕಾಲಿನ ಮುಂದೆ ಮೂರು ಇಟ್ಟಿಗೆ ಇಟ್ಟರು: ಕ್ಲಚ್ಚು, ಬ್ರೇಕು, ಎಕ್ಸಲೇಟರು. ಎಡಗಡೆ ಜೋಳದ ಹಿಟ್ಟಿನ ಡಬ್ಬಿಗೆ ಲಟ್ಟಣಿಗೆ ನಾಟಿದರು: ಗೇರು. ಎಂಜಿನ್ನು ಸ್ವತಃ ಭಾವ. ಬಾಗಿಲಿಗೆ ಒರಗಿ ಕುಳಿತು ಬಾಯಿಂದ "ಊಂ... ಊಂಂಂ..." ಎಂದು ಏರಿಸುತ್ತ ಹೋಗುವುದು; ಸರಿಯಾದ ಸ್ವರಕ್ಕೆ ನಾನು ಇಟ್ಟಿಗೆ ತುಳಿದು ಲಟ್ಟಣಿಗೆ ಎಳೆಯುವುದು. ತಡವಾದರೆ ಎಂಜಿನ್ನಿಗೆ ಕೆಮ್ಮು ಬರುತ್ತಿತ್ತು. ಹೆಪ್ಪು ಕೇಳಲು ಬಂದ ಪಕ್ಕದ ಮನೆಯಾಕೆ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡಿ, ಹೆಪ್ಪು ಕೇಳದೆಯೇ ಹೊರಟುಹೋದಳು. ಮರುದಿನ ಮಂತ್ರಿಸಿದ ವಿಭೂತಿ ಕಳಿಸಿದಳು, ಇಬ್ಬರಿಗೂ ಆಗುವಷ್ಟು!

"ಗೇರ ಯಾವಾಗ ಹಾಕಬೇಕಂತ ಹ್ಯಾಂಗ ತಿಳೀಬೇಕ್ರಿ ಭಾವಾರ?" ಎಂದು ಒಮ್ಮೆ ರೋಸಿಹೋಗಿ ಕೇಳಿದೆ.

"ಎಂಜಿನ್ ಮೀಟರಿನ ಮುಳ್ಳ ಎರಡರ ಕೆಳಗ ಬಿದ್ದರ ಅದಕ್ಕ ಉಸರ ಕಟ್ಟತೈತಿ. ಆರರ ಮ್ಯಾಲ ಏರಿದರ ಗಂಟಲ ಹರೀತೈತಿ. ಆದರ ಮುಳ್ಳ ನೋಡಬ್ಯಾಡ, ಕೇಳ. ನೀ ರೊಟ್ಟಿ ಯಾವಾಗ ಹೊಳ್ಳಿ ಹಾಕತಿ?"

"ಮ್ಯಾಲ ಸವರಿದ ನೀರ ಆರೂದ್ರಾಗ."

"ಗಡಿಯಾರ ನೋಡತಿ ಏನ?"

"ಇಲ್ರಿ."

"ಹಾಂ! ಇದೂ ಅಷ್ಟ!"

ಕೇಳಲು ಎಷ್ಟು ಚೆಂದ! ನನಗೂ ಒಂದು ಕ್ಷಣ ಎಲ್ಲ ತಿಳಿದಂತೆ ಆಯಿತು. ಆದರೆ ಮರುದಿನ ಬಸ್ ಸ್ಟ್ಯಾಂಡಿನ ಎದುರು ಕಾರು ಮೂರು ಸಲ ಜಿಗಿದು ಸತ್ತುಬಿದ್ದಾಗ ಹಿಂದಿನಿಂದ ಎರಡು ಬಸ್ಸು, ಒಂದು ಟ್ರ್ಯಾಕ್ಟರು ಕೂಡಿ ಹಾರನ್ ಹೊಡೆದವು. ಯಾವ ರೊಟ್ಟಿಯ ಹಿಂದೆ ಹೀಗೆ ಬಸ್ಸುಗಳು ನಿಂತಿರುತ್ತವೆ, ಹೇಳಿ?

ಅಬ್ಬಿಗೇರಿ ರಸ್ತೆಯದು ಇನ್ನೊಂದು ಕತೆ. ಹೆಸರುಕಾಳಿನ ಸುಗ್ಗಿ, ಗಾಡಿಗಳು ತುಳಿದು ಕಾಳು ಬಿಡಿಸಲಿ ಎಂದು ಜನ ರಸ್ತೆಯ ತುಂಬ ಹೆಸರಿನ ಬಳ್ಳಿ ಹರವಿದ್ದರು. ಭಾವ ಇಳಿದು, ರಾಶಿ ಕಾಯುತ್ತಿದ್ದ ಮುದುಕಿಗೆ ತಿಳಿಹೇಳಲು ಹೋದರು.

"ಯವ್ವಾ, ಇದು ಸಾದಾ ಗಾಡಿ ಅಲ್ಲ. ಟರ್ಬೊ ಐತಿ, ಆರ ಗೇರ ಅದಾವ. ಕೆಳಗ ಹೊಟ್ಟಿಗೆ ಬಳ್ಳಿ ಸಿಗತಾವ."

"ಎಷ್ಟರ ಗೇರ ಇರಲಿ ಬಿಡಪಾ, ಗಾಲಿ ಅದಾವಿಲ್ಲ? ತುಳೀರಿ!"

ಭಾವ ಬಗ್ಗಿ ಕಾರಿನ ಕೆಳಗೊಮ್ಮೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಒಂದರಿಂದ ಎರಡನೇ ಗೇರು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದರು! ಆ ಮಧ್ಯಾಹ್ನ ಹೆಸರಿನ ಮೇಲೆ ಹನ್ನೊಂದು ಸಲ ಹೋದೆ, ಹನ್ನೊಂದು ಸಲ ಬಂದೆ. "ಹಾಕ ಯವ್ವಾ, ಹಾಕ! ಅದ ಒದರಾಕತ್ತೈತಿ, ಹಾಕ!" ಎಂದು ಇವರು ಎಂಜಿನ್ನಿಗಿಂತ ಜೋರಾಗಿ ಒದರುತ್ತಿದ್ದರು. ಸಂಜೆ ಮುದುಕಿ, "ಟ್ರ್ಯಾಕ್ಟರಕಿಂತ ಚಲೋ ತುಳೀತ ನೋಡ್ರಿ, ನಾಳಿ ಬರ್ರಿ, ಇನ್ನೊಂದ ಎಕರೇದ್ದ ಐತಿ" ಎಂದಳು. ಭಾವನ ಮುಖ ನೋಡಬೇಕಿತ್ತು!

ಮೂರು ವಾರ ಹೀಗೆ. ಕನಸಿನಲ್ಲೂ "ಹಾಕ ಯವ್ವಾ". ಒಲೆಯ ಮೇಲೆ ಕುಕ್ಕರು ಸೀಟಿ ಹೊಡೆದರೆ ಎಡಗಾಲು ತಾನೇ ಕೆಳಗೆ ಒತ್ತುತ್ತಿತ್ತು.

ಕೊನೆಗೂ ಇಂದು ಬೆಳಗ್ಗೆ ಗಜೇಂದ್ರಗಡದ ದಾರಿ ಹಿಡಿದೆವು. ಮಧ್ಯಾಹ್ನ ಗಿರಾಕಿ ಬರುವವನಿದ್ದ. ಭಾವ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತರು, ತಪ್ಪಿಯೂ ಗೇರು ಮುಟ್ಟಬಾರದೆಂದು. ಕೈ ಕಟ್ಟಿದರೆ ಬಾಯಿ ಸುಮ್ಮನಿದ್ದೀತೇ? "ಈಗ... ಈಗಲ್ಲ... ಈಗ! ಹೋತ, ಎದಿ ಉರದೋತ ಅದರದ್ದ!" ಗುಡ್ಡದ ಬುಡದಲ್ಲಿ ಎದುರಿಗೆ ಲಾರಿ, ಎಡಕ್ಕೆ ತಿರುವು, ಕಿವಿಯಲ್ಲಿ ಭಾವ. ನನ್ನ ತಾಳ್ಮೆ ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಕಾಣದಷ್ಟು ಮೇಲೇರಿ ಕೆಂಪು ಗೆರೆ ದಾಟಿತು.

"ಭಾವಾರ! ಒಂದ ಐದ ಮಿನಿಟ ಬಾಯಿ ಮುಚ್ಚಿ ಕುಂಡರ್ರಿ!"

ಅಯ್ಯೋ! ನಾನು ಎಂದೂ ಎದುರಾಡದ ಭಾವನಿಗೆ ಅಂದ ಮಾತೇ ಇದು? ಅವರು ಬಾಯಿ ಮುಚ್ಚಿದರು. ಆ ಮೌನದಲ್ಲಿ ನನಗೆ ಮೊದಲ ಸಲ ಎಂಜಿನ್ನು ಕೇಳಿಸಿತು. ಮೂರನೇ ಗೇರಿನಲ್ಲಿ ದನಿ ಕುಸಿಯಿತು. ತಿರುವು ಇನ್ನೂ ಇಪ್ಪತ್ತು ಮಾರು ದೂರವಿದ್ದಾಗಲೇ ಎರಡಕ್ಕೆ ಇಳಿಸಿದೆ. ಕಾರು ಒಂದು ಉಸಿರು ಎಳೆದುಕೊಂಡು ಎಣ್ಣೆಯಂತೆ ತಿರುಗಿ ಏರಿತು. ಆಮೇಲೆ ಮೂರು. ಮತ್ತೆ ಎರಡು. ಒಂದು ಸಲವೂ ತಪ್ಪಲಿಲ್ಲ. ಮೇಲೆ ಗಾಳಿಯಂತ್ರಗಳ ಬಳಿ ನಿಲ್ಲಿಸಿ ಗೆದ್ದ ಮುಖದಿಂದ ನೋಡಿದೆ. ಭಾವ ತೊಡೆಯ ಕೆಳಗಿನಿಂದ ಕೈ ತೆಗೆದು, "ಚಲೋ ಆತ. ಇನ್ನ ನಂದೇನ ಕೆಲಸಿಲ್ಲ" ಎಂದರು, ಅಷ್ಟೇ.

ಇಳಿದು ಬರುವಾಗ ಒಂದು ಮಾತಿಲ್ಲ. ನನಗೆ ಬೇಕಾಗಿದ್ದು ಇದೇ ತಾನೇ? ರೋಣದ ನೇರ ರಸ್ತೆ ಸಿಕ್ಕಿತು. ಎರಡನೇ ಗೇರಿನಲ್ಲಿ ಮುಳ್ಳು ಮೂರಕ್ಕೆ ಬಂತು, ನಾಲ್ಕಕ್ಕೆ ಬಂತು. ಓರೆಗಣ್ಣಿನಿಂದ ನೋಡಿದೆ. ಭಾವನ ತುಟಿ ತೆರೆಯಿತು, ಮುಚ್ಚಿಕೊಂಡಿತು. ಈ ಮನುಷ್ಯನಿಂದ ಡಾಕ್ಟರು ಸ್ಟೇರಿಂಗ್ ಕಸಿದರು. ಉಳಿದಿದ್ದ ಒಂದು ದನಿಯನ್ನು ನಾನು ಕಸಿದಿದ್ದೆ.

ನನ್ನ ಎಡಗಾಲಿಗೆ ಎಲ್ಲ ಗೊತ್ತಿತ್ತು. ಆದರೂ ಕ್ಲಚ್ಚು ಒತ್ತಲಿಲ್ಲ. ಮುಳ್ಳು ಐದಕ್ಕೆ ಏರಿತು, ಎಂಜಿನ್ನು ಚೀರತೊಡಗಿತು.

"ಭಾವಾರ, ಈಗ ಹಾಕ್ಲೇನ್ರಿ?"

"ಇನ್ನೂ ಕೇಳತಿಯಲ್ಲ ಯವ್ವಾ!" ಎಂದು ಅವರು ಕುಳಿತಲ್ಲೇ ಜಿಗಿದುಬಿಟ್ಟರು. "ಆವಾಗನ ಹಾಕಬೇಕಿತ್ತ! ಹಾಕ, ಹಾಕ!"

ಮೂರನೆಯದು ಹಾಕಿದೆ. ಅಲ್ಲಿಂದ ರೋಣದವರೆಗೆ ಪ್ರತಿ ಗೇರಿಗೂ ಅಷ್ಟಷ್ಟು ತಡಮಾಡಿದೆ, ಅಷ್ಟಷ್ಟು ಬೈಸಿಕೊಂಡೆ.

ನರಗುಂದದವನು ಆಗಲೇ ಕಟ್ಟೆಯ ಮೇಲೆ ಕುಳಿತಿದ್ದ. ಯಜಮಾನರು ನನ್ನ ಮುಖ ನೋಡಿದರು, ಆಮೇಲೆ ಅಣ್ಣನ ಮುಖ. ಭಾವ ಕಾರಿನಿಂದ ಇಳಿದು, "ಗಾಡಿ ಕೊಡೂದಿಲ್ರಿ. ಗುಡ್ಡ ಏನೋ ಹತ್ತಿಸಿದಳು, ಆದರ ಸಪಾಟ ರಸ್ತೇದಾಗ ಇನ್ನೂ ಕಲೀಬೇಕ. ಭಾಳ ದಿನ ಹಿಡೀತೈತಿ" ಎಂದರು.

ನಾನು ಹೌದೆಂದು ತಲೆಯಾಡಿಸಿದೆ.

ಬಂದವನನ್ನು ಬರಿಹೊಟ್ಟೆಯಲ್ಲಿ ಕಳಿಸಲಾಗದು. ನಾಲ್ವರೂ ಕುಳಿತು ರೊಟ್ಟಿ, ಎಣಗಾಯಿ, ಗುರೆಳ್ಳು ಪುಡಿ, ಮೊಸರು ಉಂಡೆವು. ಭಾವ ಮೂರು ರೊಟ್ಟಿ ಉಂಡರು. ಊಟವಾದ ಮೇಲೆ ಪಡಸಾಲೆಯಲ್ಲಿ ಎಲ್ಲರಿಗಿಂತ ಮೊದಲು ನಿದ್ದೆ ಹೋದವರೂ ಅವರೇ. ಕನ್ನಡಕ ಕೂಡ ತೆಗೆದಿರಲಿಲ್ಲ. ಮೆಲ್ಲಗೆ ತೆಗೆದು ಕಿಟಕಿಯಲ್ಲಿಟ್ಟೆ.